ಸುಣ್ಣದ ಗುಂಡಿ

ಗುದ್ದಲಿ ಸುಣ್ಣದ ಪದರ ದಾಟಿ ಕೆಳಗಿಳಿಯಿತು. ವಾಸನೆ ಮಾತ್ರ ಬರಲಿಲ್ಲ.

ಶ್ರೀಲಕ್ಷ್ಮಿ ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಗದ್ದಕ್ಕೆ ಜಾರಿಸಿ ಗುಂಡಿಯ ಅಂಚಿಗೆ ಬಂದು ನಿಂತಳು. ಎರಡು ಶೆಡ್ಡಿನ ಕೋಳಿಗಳನ್ನೆಲ್ಲ ಕೊಂದು ಹೂತ ಗುಂಡಿ ಇದು. ಹೂತು ಬಹಳ ದಿನವೂ ಆಗಿಲ್ಲ. ಸೂಳಗಿರಿಯ ಈ ಬಿಸಿಲಿಗೆ ಹೆದ್ದಾರಿಯಲ್ಲಿ ಇಳಿಯುವಾಗಲೇ ನಾತ ಮೂಗಿಗೆ ಬಡಿಯಬೇಕಿತ್ತು. ಇಲ್ಲಿ ಗಾಳಿಯಲ್ಲಿದ್ದುದು ಸುಣ್ಣದ ಘಾಟು ಮಾತ್ರ.

"ಇನ್ನೂ ಅಗೀರಿ," ಎಂದರು ಸಬ್ ಇನ್‌ಸ್ಪೆಕ್ಟರ್ ಅಶ್ವತ್ಥಪ್ಪ.

ಕೂಲಿಯವರು ಮತ್ತೆ ಬಗ್ಗಿದರು. ತೆಂಗಿನ ನಾರು ಬಂತು. ಹರಿದ ಗೋಣಿಚೀಲಗಳು ಬಂದವು. ಅವುಗಳ ಕೆಳಗೆ ಹತ್ತಿಪ್ಪತ್ತು ಕೋಳಿಗಳ ಒಣಗಿದ ರೆಕ್ಕೆ, ಕಾಲು. ಆಮೇಲೆ ಗುದ್ದಲಿ ಠಣ್ಣೆಂದಿತು. ಕೆಳಗಿದ್ದುದು ಯಾರೂ ಎಂದೂ ಅಗೆಯದ ಗಟ್ಟಿ ನೆಲ.

"ಏನಯ್ಯಾ ಮುನಿಯಲ್ಲಪ್ಪ," ಅಶ್ವತ್ಥಪ್ಪ ತಿರುಗಿದರು. "ಕೋಳಿ ಎಲ್ಲಯ್ಯಾ?"

ಫಾರಂ ಮಾಲೀಕ ಮುನಿಯಲ್ಲಪ್ಪ ಬೇವಿನ ಮರದ ನೆರಳಲ್ಲಿ ನಿಂತಿದ್ದ. ಐವತ್ತು ದಾಟಿದ ಗಟ್ಟಿ ಆಳು. ಹೆಗಲ ಮೇಲಿನ ಟವೆಲನ್ನು ಎರಡು ಕೈಯಲ್ಲೂ ಹಿಂಡುತ್ತಿದ್ದ.

"ಅಲ್ಲೇ ಐತಲ್ಲ ಸಾರ್. ಹೂತಾಕಿದ್ದೆ. ನರಿ ಗಿರಿ ಎತ್ಕೊಂಡ್ ಹೋಗಿರ್ಬೈದು."

"ನರಿ ಎತ್ಕೊಂಡ್ ಹೋಗಿ, ಆಮೇಲೆ ನಾರು ತುಂಬಿ, ಮೇಲೆ ಸುಣ್ಣಾನೂ ಹೊಡ್ದು ಹೋಯ್ತಾ?"

ಮುನಿಯಲ್ಲಪ್ಪ ಟವೆಲನ್ನು ಇನ್ನಷ್ಟು ಬಿಗಿಯಾಗಿ ಹಿಂಡಿದ.

ಮೂಕಂಡಪಲ್ಲಿಯಲ್ಲಿ ಫ್ಯಾಕ್ಟರಿ ಕೆಲಸಗಾರ ಜಗನ್ ತನ್ನ ಕೂಸಿನ ನಾಮಕರಣಕ್ಕೆ ಹಾಕಿಸಿದ್ದ ಬಾಡೂಟ ಉಂಡು ಓಣಿಗೆ ಓಣಿಯೇ ಭೇದಿ ಹತ್ತಿ ಮಲಗಿ, ಜಗನ್‌ನ ತಾಯಿ ಚೆನ್ನಮ್ಮ ಸತ್ತು, ಆ ಕೋಳಿ ಬಂದಿದ್ದು ಇದೇ ಫಾರಮ್ಮಿನಿಂದ ಎಂದು ಗೊತ್ತಾದ ಮೇಲೆ ಅಧಿಕಾರಿಗಳು ಇಲ್ಲಿನ ಕೋಳಿಗಳನ್ನೆಲ್ಲ ಕೊಂದು ಹೂಳಲು ಹೇಳಿದ್ದರು. ಮಹಾರಾಷ್ಟ್ರದಲ್ಲಿ ಹಕ್ಕಿಜ್ವರ ಬಂದ ವರ್ಷ ಅದು. ಜನ ಇದನ್ನೂ ಹಕ್ಕಿಜ್ವರವೆಂದೇ ನಂಬಿದ್ದರು. ಅಲ್ಲವೆಂದು ಖಚಿತವಾಗಿ ಗೊತ್ತಿದ್ದವರಲ್ಲಿ ಶ್ರೀಲಕ್ಷ್ಮಿ ಒಬ್ಬಳು.

ಹೊಸೂರಿನ ಹಳೇ ಪೇಟೆಯಲ್ಲಿ ಅವಳದೊಂದು ಲ್ಯಾಬ್ ಇತ್ತು. ರೋಗಿಗಳ ಮಲ, ರಕ್ತದಿಂದ ರೋಗಾಣು ಬೆಳೆಸಿ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ನೋಡುವುದು ಅವಳ ಕೆಲಸ. ತಟ್ಟೆಯ ತುಂಬ ರೋಗಾಣು ಬೆಳೆಸಿ, ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನಿಡುತ್ತಾಳೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಮೂಡುತ್ತದೆ. ಮೂಕಂಡಪಲ್ಲಿಯವರ ತಟ್ಟೆಗಳಲ್ಲಿ ಒಂದೇ ಒಂದು ಬಿಲ್ಲೆಯ ಸುತ್ತ ಮಾತ್ರ ಅಂಥ ವೃತ್ತ ಮೂಡಿತ್ತು. ಉಳಿದ ಔಷಧಿಗಳನ್ನೆಲ್ಲ ರೋಗಾಣು ಸಕ್ಕರೆಯೆಂಬಂತೆ ಸುತ್ತುಗಟ್ಟಿ ಬೆಳೆದಿತ್ತು.

ನಿನ್ನೆ ರಾಯಕೋಟೆಯಿಂದ ಹೊಸ ರೋಗಿಯೊಬ್ಬನ ಮಲ ಬಂದಿತ್ತು. ಸಂತೆಯಲ್ಲಿ ಕೊಂಡ ಕೋಳಿ ತಿಂದವನು. ಅದೇ ರೋಗಾಣು. ಆದರೆ ಆ ಒಂದೇ ಒಂದು ಔಷಧಿಯ ವೃತ್ತವೂ ಅವನ ತಟ್ಟೆಯಲ್ಲಿ ಕುಗ್ಗಿತ್ತು. ಬಿಲ್ಲೆಯ ಸುತ್ತ ಉಗುರಿನ ಅಂಚಿನಷ್ಟು ಜಾಗ ಬಿಟ್ಟು ಎಲ್ಲೆಡೆ ಬೆಳೆದಿತ್ತು.

ಹೂತು ಹೋಗಿರಬೇಕಾದ ಕೋಳಿಗಳ ರೋಗಾಣು ರಾಯಕೋಟೆಯ ಸಂತೆಗೆ ಹೋದದ್ದು ಹೇಗೆ? ಆ ಕೊನೆಯ ಔಷಧಿಯನ್ನು ಎದುರಿಸಲು ಅದಕ್ಕೆ ಕಲಿಸಿದವರು ಯಾರು? ಅದಕ್ಕೇ ಅವಳು ಬೆಳಿಗ್ಗೆಯೇ ಅಶ್ವತ್ಥಪ್ಪನವರನ್ನು ಠಾಣೆಯಿಂದ ಎಬ್ಬಿಸಿಕೊಂಡು ಬಂದಿದ್ದಳು.

ಅವಳ ಕೈಚೀಲದಲ್ಲಿ ಮೊಬೈಲ್ ಗುಂಯ್ಗುಟ್ಟಿತು. ಡಾಕ್ಟರ್ ಚೆನ್ನಕೇಶವ.

ಹೊಸೂರಿನಲ್ಲಿ ಜ್ವರ ಬಿಡದಿದ್ದರೆ ಜನ ಮೊದಲು ನೆನೆಯುವ ಹೆಸರು ಅದು. ಮೂಕಂಡಪಲ್ಲಿಯ ರೋಗಿಗಳನ್ನೆಲ್ಲ ತಮ್ಮ ನರ್ಸಿಂಗ್ ಹೋಮಿನಲ್ಲಿ ಸೇರಿಸಿಕೊಂಡವರು ಅವರೇ. ಜಗನ್‌ನ ಹಿರಿ ಮಗಳು, ಒಂದನೇ ತರಗತಿಯ ಭೂಮಿಕಾಳಿಗೆ ಆ ಕೊನೆಯ ಔಷಧಿಯ ಇಂಜೆಕ್ಷನ್ ಕೊಡುತ್ತಿದ್ದವರೂ ಅವರೇ. ಎಲ್ಲೂ ಸಿಗದ ಇಂಜೆಕ್ಷನ್ನನ್ನು ತಮ್ಮದೇ ಔಷಧಿ ಏಜೆನ್ಸಿಯಿಂದ ತರಿಸಿದ್ದರು.

"ಎಲ್ಲಿದ್ದೀಯಮ್ಮ ಶ್ರೀಲಕ್ಷ್ಮಿ? ಲ್ಯಾಬಿಗೆ ಫೋನ್ ಮಾಡಿದ್ರೆ ಇಲ್ಲ ಅಂದ್ರು."

"ಸೂಳಗಿರಿ ಹತ್ರ ಇದ್ದೀನಿ ಸರ್. ಮುನಿಯಲ್ಲಪ್ಪನ ಫಾರಂ. ಗುಂಡಿ ಅಗೆಸಿದ್ವಿ. ಕೋಳಿ ಇಲ್ಲ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಹೌದಾ," ಎಂದರು ಡಾಕ್ಟರು. "ಮೂಗಿಗೆ ಬಟ್ಟೆ ಕಟ್ಕೊಂಡಿದ್ದೀಯ ತಾನೆ? ಹುಷಾರಮ್ಮ."

"ಭೂಮಿಕಾ ಹೇಗಿದ್ದಾಳೆ ಸರ್?"

"ಜ್ವರ ಇಳೀತಿಲ್ಲ. ನೋಡೋಣ." ಫೋನ್ ಕಟ್ಟಾಯಿತು.

ಶ್ರೀಲಕ್ಷ್ಮಿ ಮೊಬೈಲನ್ನು ಕೈಚೀಲಕ್ಕೆ ಹಾಕಿದಳು. ಭೂಮಿಕಾಳ ತಟ್ಟೆಯಲ್ಲಿ ಆ ಔಷಧಿಯ ಸುತ್ತ ಅಗಲವಾದ ವೃತ್ತ ಮೂಡಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ತಟ್ಟೆಯಲ್ಲಿ ಸಾಯುವ ರೋಗಾಣು ಮಗುವಿನ ಮೈಯಲ್ಲಿ ಯಾಕೆ ಸಾಯುತ್ತಿಲ್ಲ?

"ಮೇಡಂ, ಇಲ್ಲಿ ಬನ್ನಿ!" ಅಶ್ವತ್ಥಪ್ಪ ಶೆಡ್ಡಿನ ಕಡೆಯಿಂದ ಕೂಗಿದರು.

ಶೆಡ್ಡು ಖಾಲಿ ಇರಬೇಕಿತ್ತು. ಆದರೆ ಜಾಲರಿಯ ಆಚೆ ಚಿಂವ್ ಚಿಂವ್ ಸದ್ದು ತುಂಬಿತ್ತು. ಹೊಟ್ಟು ಹಾಸಿದ ನೆಲದ ಮೇಲೆ, ಹಳದಿ ಬಲ್ಬುಗಳ ಕೆಳಗೆ, ಮೊಟ್ಟೆಯಿಂದ ಆಗಷ್ಟೇ ಹೊರಬಂದಂಥ ಮರಿಗಳು ಒತ್ತೊತ್ತಾಗಿ ನಿಂತಿದ್ದವು. ಕೆಂಪು ಪ್ಲಾಸ್ಟಿಕ್ ತಟ್ಟೆಗಳ ಸುತ್ತ ಮುಗಿಬಿದ್ದು ನೀರು ಹೀರಿ ತಲೆಯೆತ್ತುತ್ತಿದ್ದವು.

"ಬೀಗ ಹಾಕಿ ಅಂತ ಆರ್ಡರ್ ಕೊಟ್ಟಿದ್ರು," ಅಶ್ವತ್ಥಪ್ಪ ಹಲ್ಲು ಕಚ್ಚಿದರು. "ಇವ್ನು ಹೊಸ ಮರಿ ಬಿಟ್ಕೊಂಡವ್ನೆ."

ಶ್ರೀಲಕ್ಷ್ಮಿ ಮರಿಗಳನ್ನು ನೋಡಲಿಲ್ಲ. ಅವಳ ಕಣ್ಣು ಶೆಡ್ಡಿನ ಮೂಲೆಯ ನೀಲಿ ಡ್ರಮ್ಮಿನ ಮೇಲಿತ್ತು. ಮರಿಗಳ ನೀರು ಅಲ್ಲಿಂದ ಪೈಪಿನಲ್ಲಿ ಇಳಿಯುತ್ತಿತ್ತು. ಡ್ರಮ್ಮಿನ ಒಳಗೋಡೆಗೆ ನೀರಿನ ಮಟ್ಟದಲ್ಲಿ ಬಿಳಿ ಪುಡಿಯ ಗೆರೆ ಕಟ್ಟಿತ್ತು. ಆ ಗೆರೆಯಿಂದ ಸ್ವಲ್ಪ ಕೆರೆದು ಪುಟ್ಟ ಸೀಸೆಯಲ್ಲಿ ಹಾಕಿಕೊಂಡು ಅವಳು ಶೆಡ್ಡಿನ ಹಿಂಬದಿಗೆ ಹೋದಳು.

ಅಲ್ಲಿ ಕಸ ಸುಟ್ಟ ಜಾಗವಿತ್ತು. ಕೋಲಿನಿಂದ ಬೂದಿ ಕೆದಕಿದಾಗ ಅಲ್ಯೂಮಿನಿಯಂ ಮುಚ್ಚಳಗಳು ಹೊಳೆದವು. ಒಂದೆರಡಲ್ಲ, ಕೆದಕಿದಷ್ಟೂ ಬರುತ್ತಿದ್ದವು. ಅವುಗಳ ನಡುವೆ ಅರೆಬೆಂದ ರಬ್ಬರ್ ಬಿರಡೆಗಳು, ಸಿಡಿದ ಗಾಜು.

"ಇಂಜೆಕ್ಷನ್ ಬಾಟ್ಲಿ," ಎಂದರು ಹಿಂದೆಯೇ ಬಂದ ಅಶ್ವತ್ಥಪ್ಪ. "ಕೋಳಿಗೆ ಸೂಜಿ ಹಾಕ್ತಾರಾ?"

"ಇವು ಕೋಳಿಗಲ್ಲ ಸಾರ್, ಮನುಷ್ಯರಿಗೆ ಕೊಡೋವು. ಒಡೆದು ಡ್ರಮ್ಮಿಗೆ ಸುರಿದಿದ್ದಾರೆ." ಅವಳು ಒಂದು ಮುಚ್ಚಳವನ್ನು ಇಕ್ಕಳದಿಂದ ಎತ್ತಿ ಹಿಡಿದಳು. ಬೂದಿ ಹತ್ತಿದರೂ ಅದರ ನೇರಳೆ ಬಣ್ಣ ಪೂರ್ತಿ ಹೋಗಿರಲಿಲ್ಲ. ಭೂಮಿಕಾಳ ಹಾಸಿಗೆಯ ಪಕ್ಕದ ಟ್ರೇಯಲ್ಲಿ ಇದೇ ಬಣ್ಣದ ಮುಚ್ಚಳಗಳನ್ನು ಅವಳು ನೋಡಿದ್ದಳು. "ನಮ್ಮ ಕೈಲಿ ಉಳಿದಿರೋ ಕೊನೇ ಔಷಧಿ ಇದು."

"ಅಷ್ಟು ದುಬಾರಿ ಮದ್ದನ್ನ ಯಾರಾದ್ರೂ ಕೋಳಿ ನೀರಿಗೆ ಸುರೀತಾರಾ?"

"ಅದೇ ನನಗೂ ಅರ್ಥ ಆಗ್ತಿಲ್ಲ."

ಆಗ ಕೇಳಿಸಿತು. ಮನೆಯ ಕಡೆಯಿಂದ ಒಂದು ನರಳಾಟ. ಹೆಂಗಸಿನ ದನಿ. ಒಮ್ಮೆ ಬಂದು ನಿಂತು, ಮತ್ತೆ ಬಂತು.

ಶ್ರೀಲಕ್ಷ್ಮಿ ತಿರುಗುವಷ್ಟರಲ್ಲಿ ಮುನಿಯಲ್ಲಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಒಳಕ್ ಬರ್ಬೇಡಿ ಡಾಕ್ಟ್ರಮ್ಮ."

"ಯಾರಿದ್ದಾರೆ ಒಳಗೆ?"

"ಯಾರೂ ಇಲ್ಲ. ನಮ್ ಮನೆಯೋರು. ಸೊಂಟ ನೋವು, ಮಲ್ಗವ್ಳೆ."

"ಸೊಂಟ ನೋವಾದ್ರೆ ಬಾಗಿಲ ಮುಂದೆ ಫಿನಾಯಿಲ್ ಯಾಕೆ ಸುರಿದಿದ್ದೀರಿ?"

ಅವನು ಹೊಸ್ತಿಲ ಕಡೆ ನೋಡಿದ. ಫಿನಾಯಿಲ್ ವಾಸನೆಯ ಕೆಳಗೆ ಇನ್ನೊಂದು ವಾಸನೆಯಿತ್ತು. ಮೂಕಂಡಪಲ್ಲಿಯ ಆ ಓಣಿಯಲ್ಲಿ ನಡೆದಾಡಿದವರಿಗೆ ಮರೆಯದಂಥ ವಾಸನೆ.

"ಎಷ್ಟು ದಿನದಿಂದ ಭೇದಿ?"

"ನಂಗೊತ್ತಿಲ್ಲ."

"ರಕ್ತ ಬೀಳ್ತಿದೆಯಾ?"

"ನಂಗೊತ್ತಿಲ್ಲ ಅಂದ್ನಲ್ಲಾ!"

"ಆಸ್ಪತ್ರೆಗೆ ಯಾಕೆ ಸೇರಿಸಿಲ್ಲ?"

ಮುನಿಯಲ್ಲಪ್ಪ ಬಾಗಿಲಿಗೆ ಇನ್ನೂ ಒತ್ತಿ ನಿಂತ. "ಸೇರಿಸಿದ್ರೆ ಕೇಳ್ತಾರೆ. ಎಲ್ಲಿಂದ ಬಂತು, ಏನ್ ತಿಂದೆ, ಯಾವ್ ಊರು. ಆಮ್ಯಾಕೆ ನೀವ್ ಬತ್ತೀರಿ. ಎಸ್ಸೈ ಸಾರ್ ಬತ್ತಾರೆ. ಟಿವಿಯೋರು ಬತ್ತಾರೆ."

"ಈಗ ನಾವು ಬಂದಾಗಿದೆ," ಎಂದಳು ಶ್ರೀಲಕ್ಷ್ಮಿ. "ಚೆನ್ನಮ್ಮ ಅಂತ ಒಬ್ಬರು ಇದೇ ಕಾಯಿಲೆಯಲ್ಲಿ ಹೋದರು. ಸೊಸೆಯ ಬಾಣಂತನಕ್ಕೆ ಅಂತ ಕೋಲಾರದ ಕಡೆಯಿಂದ ಬಂದಿದ್ದವರು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಂಡವರು. ಅವರ ಕಣ್ಣು ಗುಳಿ ಬಿದ್ದಿದ್ದನ್ನ ನಾನು ನೋಡಿದ್ದೀನಿ. ನಿಮ್ಮ ಮನೆಯವರದೂ ಹಾಗೇ ಇದೆಯಾ?"

ಅವನು ಅಲುಗಲಿಲ್ಲ.

"ಚರ್ಮ ಹಿಡಿದು ಬಿಟ್ಟರೆ ಹಾಗೇ ನಿಲ್ಲುತ್ತಾ? ಮೂತ್ರ ನಿಂತು ಹೋಗಿದೆಯಾ? ನಿಮ್ಮನ್ನ ನೋಡಿ ನೀನ್ಯಾರು ಅಂತ ಕೇಳ್ತಾರಾ?"

"ಸಾಕು ಬಿಡಿ ತಾಯಿ," ಎಂದ ಮುನಿಯಲ್ಲಪ್ಪ.

"ಕೇಳ್ತಾರಾ?"

ಅವನು ಅಷ್ಟೊತ್ತು ಹಿಂಡುತ್ತಿದ್ದ ಟವೆಲಿನಿಂದ ಮುಖ ಮುಚ್ಚಿಕೊಂಡು ಪಕ್ಕಕ್ಕೆ ಸರಿದ.

"ನಿನ್ನೆ ಸಂಜೆ ಕೇಳಿದ್ಳು," ಎಂದ ಬಟ್ಟೆಯೊಳಗಿಂದಲೇ. "ಎವರಯ್ಯಾ ನುವ್ವು ಅಂತ ಕೇಳಿದ್ಳು. ತವರು ಮನೆ ಮಾತು. ಮದ್ವೆ ಆದ್ಮ್ಯಾಕೆ ಆ ಮಾತೇ ಆಡಿರ್ಲಿಲ್ಲ ಅವ್ಳು."

ಒಳಗೆ ನಡುಮನೆಯಲ್ಲಿ ಚಾಪೆಯ ಮೇಲೆ ಅವನ ಹೆಂಡತಿ ಅಂಜಿನಮ್ಮ ಮಲಗಿದ್ದಳು. ಕೆನ್ನೆ ಒಳಗೆ ಹೋಗಿತ್ತು, ತುಟಿ ಸೀಳಿತ್ತು. ಗೋಡೆಯ ಮೊಳೆಗೆ ಗ್ಲೂಕೋಸ್ ಬಾಟಲಿ ತೂಗುಬಿದ್ದಿತ್ತು. ಅದರ ನಳಿಕೆ ಕೈಯಿಂದ ಕಿತ್ತುಬಂದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹಣೆಯ ಮೇಲೆ ಒದ್ದೆ ಬಟ್ಟೆ. ದಿಂಬಿನ ಪಕ್ಕ ಸಿರಿಂಜುಗಳು, ನೇರಳೆ ಮುಚ್ಚಳದ ಬಾಟಲಿಗಳು.

ಶ್ರೀಲಕ್ಷ್ಮಿ ಮಂಡಿಯೂರಿ ನಾಡಿ ಹಿಡಿದಳು. ಎಳೆಯಷ್ಟು ಸಣ್ಣಗೆ, ಓಡಿದಂತೆ ಬಡಿಯುತ್ತಿತ್ತು.

"ಅಶ್ವತ್ಥಪ್ಪನವರೇ, ಆಂಬುಲೆನ್ಸ್ ಕರೆಸಿ. ಕೃಷ್ಣಗಿರಿ ಸರ್ಕಾರಿ ಆಸ್ಪತ್ರೆಗೆ. ಈಗಲೇ."

ಅವರು ಆಗಲೇ ವಯರ್‌ಲೆಸ್ಸಿನಲ್ಲಿ ತಮಿಳಿನಲ್ಲಿ ಕೂಗಾಡುತ್ತ ಅಂಗಳಕ್ಕೆ ನಡೆದಿದ್ದರು.

"ಈ ಸೂಜಿ ಹಾಕಿದ್ದು ಯಾರು?"

"ನಾನೇ," ಎಂದ ಮುನಿಯಲ್ಲಪ್ಪ. ಹೆಂಡತಿಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. "ಮೊದ್ಲು ಅವ್ರು ಹಾಕಿದ್ರು. ಇಂಗಿಂಗೆ ಹಾಕ್ಬೇಕು ಅಂತ ತೋರಿಸ್ಕೊಟ್ರು. ಕೋಳಿ ನೀರಿಗೆ ಹಾಕೋ ಮದ್ದೇ ಕಣಯ್ಯ, ಮನುಷ್ಯರಿಗೂ ಇದೇಯ, ಹೆದರ್ಬೇಡ ಅಂದ್ರು. ನಾನು ನಂಬಿದ್ದೆ ಡಾಕ್ಟ್ರಮ್ಮ. ಇಷ್ಟು ಸೂಜಿ ಹಾಕಿದ್ರೂ ಯಾಕೆ ವಾಸಿ ಆಗ್ಲಿಲ್ಲ?"

ಶ್ರೀಲಕ್ಷ್ಮಿ ದಿಂಬಿನ ಪಕ್ಕದ ಬಾಟಲಿಯೊಂದನ್ನು ಕೈಗೆತ್ತಿಕೊಂಡಿದ್ದಳು. ಹಣೆಯ ಬಟ್ಟೆಯಿಂದ ಇಳಿದ ನೀರಿನಲ್ಲಿ ಅದು ನೆನೆದುಹೋಗಿತ್ತು. ಬೆರಳು ತಾಗಿದ್ದೇ ಚೀಟಿ ಜಾರಿತು.

ಚೀಟಿಯ ಕೆಳಗೆ ಇನ್ನೊಂದು ಚೀಟಿ ಇತ್ತು.

ಅದೇ ಔಷಧಿಯ ಹೆಸರು. ಅದೇ ಅಕ್ಷರಗಳು. ಅವಧಿ ಮುಗಿಯುವ ದಿನ ಮಾತ್ರ ಬೇರೆ. ಮೇಲಿನ ಚೀಟಿಯ ಪ್ರಕಾರ ಔಷಧಿ ಮುಂದಿನ ವರ್ಷದವರೆಗೂ ಬಾಳುತ್ತಿತ್ತು. ಕೆಳಗಿನ ಚೀಟಿಯ ಪ್ರಕಾರ ಅದು ಸತ್ತು ಎರಡು ವರ್ಷವಾಗಿತ್ತು.

ಅವಳು ಎರಡನೆಯ ಬಾಟಲಿ ನೋಡಿದಳು. ಮೂರನೆಯದನ್ನೂ. ಎಲ್ಲದರಲ್ಲೂ ಚೀಟಿಯ ಮೇಲೆ ಚೀಟಿ.

ಈಗ ಅರ್ಥವಾಯಿತು. ದುಬಾರಿ ಮದ್ದನ್ನು ಯಾರೂ ಕೋಳಿ ನೀರಿಗೆ ಸುರಿದಿರಲಿಲ್ಲ. ಸುರಿದದ್ದು ನಾಶ ಮಾಡಬೇಕಾಗಿದ್ದ ಹಳೆಯ ಮಾಲು. ಅವಧಿ ತೀರಿ ಅರೆಬರೆ ಶಕ್ತಿ ಉಳಿದಿದ್ದ ಔಷಧಿ. ಅದು ಕೋಳಿಯ ಹೊಟ್ಟೆಯೊಳಗಿನ ಬಲಹೀನ ರೋಗಾಣುಗಳನ್ನಷ್ಟೇ ಕೊಂದಿತ್ತು. ಬಲವಾದವು ಉಳಿದುಕೊಂಡವು, ಹೆಚ್ಚಿದವು, ಔಷಧಿಯ ರುಚಿ ಕಲಿತವು. ಕೋಳಿಯಿಂದ ಕತ್ತರಿಸುವ ಮಣೆಗೆ, ಮಣೆಯಿಂದ ತಟ್ಟೆಗೆ, ತಟ್ಟೆಯಿಂದ ಮಕ್ಕಳ ಹೊಟ್ಟೆಗೆ ಬಂದವು.

ಆದರೆ ಎರಡನೆಯ ಚೀಟಿ ಯಾಕೆ? ಕೋಳಿಗೆ ಓದಲು ಬರುವುದಿಲ್ಲ. ಕೋಳಿಗಾಗಿ ಯಾರೂ ಬಾಟಲಿಗೆ ಹೊಸ ಚೀಟಿ ಅಂಟಿಸುವುದಿಲ್ಲ. ಈ ಬಾಟಲಿಗಳನ್ನು ಸಿದ್ಧ ಮಾಡಿದ್ದು ಮನುಷ್ಯರಿಗೆ ಮಾರಲು.

ಭೂಮಿಕಾಳ ಟ್ರೇಯಲ್ಲಿದ್ದ ನೇರಳೆ ಮುಚ್ಚಳಗಳು ಅವಳ ಕಣ್ಣ ಮುಂದೆ ಬಂದವು.

"ಅವ್ರು ಅಂದ್ರಲ್ಲ," ಶ್ರೀಲಕ್ಷ್ಮಿ ಮೆಲ್ಲಗೆ ಕೇಳಿದಳು. "ಸೂಜಿ ಹಾಕೋದು ತೋರಿಸಿಕೊಟ್ಟ ಅವ್ರು. ಯಾರು?"

ಮುನಿಯಲ್ಲಪ್ಪ ನೆಲ ನೋಡಿದ. "ನಮ್ ಸಾವ್ಕಾರ್ರು. ಜಮೀನು ಒಂದೇ ನಂದು ತಾಯಿ. ಶೆಡ್ಡು ಅವ್ರದ್ದು, ಮರಿ ಅವ್ರದ್ದು, ಮದ್ದು ಅವ್ರದ್ದು. ಹೆಸರು ಮಾತ್ರ ನಂದು ಬರ್ಸವ್ರೆ. ಹೂಳೋ ದಿವ್ಸ ಆಫೀಸರ್‌ಗಳು ಅತ್ಲಾಗ್ ಹೋಗ್ತಿದ್ದಂಗೆ ಅವ್ರ ಗಾಡಿ ಬಂತು. ಜೀವ ಇರೋ ಕೋಳಿನೆಲ್ಲ ತುಂಬ್ಕೊಂಡು ರಾಯಕೋಟೆ ಕಡೀಕೆ ಹೋಗ್ಬುಟ್ರು. ನಾನು ಬ್ಯಾಡ ಅಂದೆ. ಮಾತಾಡ್ಬೇಡ ಅಂದ್ರು."

"ಹೆಸರು ಹೇಳಿ."

"ಹೇಳಿದ್ರೆ ನನ್ನ..."

"ಹೇಳಯ್ಯಾ," ಎಂದಿತು ಚಾಪೆಯ ಮೇಲಿನ ದನಿ.

ಅಂಜಿನಮ್ಮ ಕಣ್ಣು ತೆರೆದಿದ್ದಳು. ಯಾರ ಕಡೆಗೂ ನೋಡುತ್ತಿರಲಿಲ್ಲ. ಆದರೆ ಮಾತು ಸ್ಪಷ್ಟವಾಗಿತ್ತು.

"ಚೆನ್ನಕೇಶವಪ್ನೋರು," ಎಂದಳು. "ಹೊಸೂರು ಡಾಕ್ಟ್ರು. ದ್ಯಾವ್ರಂತೋರು ಅಂತ ಕೈ ಮುಗಿದಿದ್ದೆ ಕಣಮ್ಮ ನಾನು."

ಹೊರಗೆ ಅಶ್ವತ್ಥಪ್ಪನವರ ದನಿ ನಿಂತಿತ್ತು. ಅವರು ಬಾಗಿಲಲ್ಲಿದ್ದರು. ಕೇಳಿಸಿಕೊಂಡಿದ್ದರು.

"ಮೇಡಂ," ಎಂದರು ನಿಧಾನವಾಗಿ. "ಆಗ ಗುಂಡಿ ಹತ್ರ ನಿಮ್ಗೆ ಫೋನ್ ಮಾಡಿದ್ದು ಯಾರು?"

ಶ್ರೀಲಕ್ಷ್ಮಿಯ ಬೆರಳುಗಳು ಆಗಲೇ ಮೊಬೈಲಿನ ಗುಂಡಿಗಳನ್ನು ಒತ್ತುತ್ತಿದ್ದವು. ತಾನೇ ಹೇಳಿದ್ದಳು. ಎಲ್ಲಿದ್ದೀನಿ, ಏನು ಅಗೆಸಿದ್ದೀನಿ, ಏನು ಸಿಗಲಿಲ್ಲ, ಎಲ್ಲವನ್ನೂ.

ನರ್ಸಿಂಗ್ ಹೋಮಿನ ವಾರ್ಡಿನಲ್ಲಿ ಭೂಮಿಕಾಳ ತಾಯಿ ಕೋಮಲಾ ಇದ್ದಳು. ಜಗನ್ ತಾಯಿಯ ತಿಥಿ ಮಾಡಲು ಊರಿಗೆ ಹೋಗಿದ್ದ. ಕಂಕುಳಲ್ಲಿ ಹಸುಗೂಸು, ಹಾಸಿಗೆಯಲ್ಲಿ ಹಿರಿಮಗಳು, ಇಬ್ಬರನ್ನೂ ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಮೊಬೈಲನ್ನು ಜಗನ್ ಅವಳ ಬಳಿಯೇ ಬಿಟ್ಟು ಹೋಗಿದ್ದ.

ಗಂಟೆ ಬಾರಿಸಿತು. ಬಾರಿಸುತ್ತಲೇ ಇತ್ತು.

"ಎತ್ತಮ್ಮಾ, ಎತ್ತು," ಎಂದರು ಅಶ್ವತ್ಥಪ್ಪ.

"ಹಲೋ?"

ಹಿಂದೆ ಕೂಸು ಅಳುತ್ತಿತ್ತು.

"ಕೋಮಲಾ, ನಾನು ಲ್ಯಾಬಿನ ಶ್ರೀಲಕ್ಷ್ಮಿ. ಗಮನ ಇಟ್ಟು ಕೇಳು. ಭೂಮಿಕಾಗೆ ಇನ್ನು ಯಾವ ಇಂಜೆಕ್ಷನ್ನೂ ಹಾಕಿಸಬೇಡ. ಯಾರೇ ಬಂದ್ರೂ ಬೇಡ ಅನ್ನು. ಡಾಕ್ಟರು ಬಂದ್ರೂ ಬೇಡ ಅನ್ನು. ಅವಳ ಪಕ್ಕ ಬಿಟ್ಟು ಏಳಬೇಡ, ನಾವು ಬರ್ತಿದ್ದೀವಿ."

ಕೂಸಿನ ಅಳು ಜೋರಾಯಿತು.

"ಕೋಮಲಾ?"

"ಭೂಮಿಕಾ ಇಲ್ವಲ್ಲ ಮೇಡಂ ಇಲ್ಲಿ," ಎಂದಳು ಕೋಮಲಾ. "ಡಾಕ್ಟ್ರೇ ಎತ್ಕೊಂಡು ಗಾಡೀಲಿ ಮಲಗಿಸ್ಕೊಂಡು ಹೋದ್ರು. ಬೆಂಗಳೂರ್ ದೊಡ್ಡಾಸ್ಪತ್ರೆಗೆ ಅಂತ. ನಾನೂ ಬತ್ತೀನಿ ಅಂದೆ. ಹಸುಗೂಸಿಗೆ ಅಂಟ್ಕೊಂಬುಡ್ತದೆ, ಬ್ಯಾಡ ಅಂದ್ರು."

"ಯಾವ ಆಸ್ಪತ್ರೆ? ಹೆಸರು ಹೇಳಿದ್ರಾ?"

ಕೋಮಲಾಳ ದನಿಯಲ್ಲಿ ಮೊದಲ ಬಾರಿಗೆ ಹೆದರಿಕೆ ಇಣುಕಿತು.

"ನಂಗೇನ್ ಗೊತ್ತು ಮೇಡಂ? ಸೂಳಗಿರಿಯಿಂದ ನೀವೇ ಫೋನ್ ಮಾಡಿ, ಮಗೂನ ಈಗ್ಲೇ ಕಳ್ಸಿ ಅಂದ್ರಂತಲ್ಲಾ?"